ಮೇಲ್ ಬರುತ್ತಿಲ್ಲವೇ, ಹೋಗುತ್ತಿಲ್ಲವೇ? ಡಿಎನ್‌ಎಸ್ ದೋಷ ಪತ್ತೆಹಚ್ಚುವ ಕ್ರಮ

ಇಮೇಲ್ ಕೆಟ್ಟಿದೆ ಎಂಬ ದೂರು ಬಂದಾಗ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಒಂದೇ: ಹೊರಗಿನಿಂದ ನಮಗೆ ಬರಬೇಕಾದ ಮೇಲ್ ನಿಂತಿದೆಯೋ, ನಾವು ಕಳಿಸಿದ್ದು ಅವರಿಗೆ ತಲುಪುತ್ತಿಲ್ಲವೋ? ಎರಡಕ್ಕೂ ಡಿಎನ್‌ಎಸ್ (ಡೊಮೇನ್ ಹೆಸರಿನ ಸರ್ವರ್ ಎಲ್ಲಿದೆ ಎಂದು ಕೇಳಿದವರಿಗೆ ಹೇಳುವ ವ್ಯವಸ್ಥೆ) ಕಾರಣವಾಗಬಲ್ಲದು, ಆದರೆ ಅದರಲ್ಲಿ ನೋಡಬೇಕಾದ ರೆಕಾರ್ಡ್‌ಗಳು, ಅಂದರೆ ನಮೂದುಗಳು, ಬೇರೆ ಬೇರೆ. ಬರುವ ಮೇಲ್‌ಗೆ ದಾರಿ ತೋರಿಸುವುದು ಎಂಎಕ್ಸ್ ರೆಕಾರ್ಡ್. ಹೋಗುವ ಮೇಲ್ ಅನ್ನು ಎದುರಿನ ಸರ್ವರ್ ನಂಬಬೇಕಾದರೆ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಆ ಪರೀಕ್ಷೆಗಳಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕೆಂಬ ಸೂಚನೆ), ಪಿಟಿಆರ್ (ಐಪಿ ಸಂಖ್ಯೆಯಿಂದ ಹೆಸರು ಹೇಳುವ ರೆಕಾರ್ಡ್) ಇವು ಸರಿಯಿರಬೇಕು. ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆ ಎಂದು ಎಂಎಕ್ಸ್ ತಿದ್ದಲು ಹೋಗುವವರು ತುಂಬ ಜನ. ಅದರಿಂದ ಹೋಗುವ ಮೇಲ್ ಸರಿಯಾಗುವುದಿಲ್ಲ, ಚೆನ್ನಾಗಿ ಬರುತ್ತಿದ್ದ ಮೇಲ್ ಕೂಡ ನಿಂತುಹೋಗುತ್ತದೆ.

ಆದ್ದರಿಂದ ದಿಕ್ಕು ಗೊತ್ತಾಗುವ ತನಕ ಯಾವ ರೆಕಾರ್ಡನ್ನೂ ಮುಟ್ಟಬೇಡಿ. ಜಿಮೇಲ್‌ನಂಥ ಹೊರಗಿನ ಖಾತೆಯಿಂದ ನಿಮ್ಮ ಡೊಮೇನ್ ವಿಳಾಸಕ್ಕೆ ಒಂದು ಮೇಲ್ ಕಳಿಸಿ, ನಿಮ್ಮ ವಿಳಾಸದಿಂದ ಆ ಖಾತೆಗೆ ಇನ್ನೊಂದು ಕಳಿಸಿ. ಐದು ನಿಮಿಷದ ಈ ಕೆಲಸ ಮುಂದಿನ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಇಲ್ಲಿ ಉದಾಹರಣೆಗೆ ಎಕ್ಸಾಂಪಲ್.ಕಾಮ್ ಎಂಬ ಡೊಮೇನ್ ಬಳಸಿದ್ದೇನೆ. ಆಜ್ಞೆಗಳು, ರೆಕಾರ್ಡ್‌ಗಳು ಇಲ್ಲಿ ಕನ್ನಡ ಲಿಪಿಯಲ್ಲಿದ್ದರೂ ಟರ್ಮಿನಲ್‌ನಲ್ಲಿ, ರೆಕಾರ್ಡ್ ತಿದ್ದುವ ಪ್ಯಾನೆಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಕೈ ಹಾಕುವ ಮುನ್ನ

ಈಗಿರುವ ಎಲ್ಲ ರೆಕಾರ್ಡ್‌ಗಳ ನಕಲು ತೆಗೆದಿಟ್ಟುಕೊಳ್ಳಿ. ಪ್ಯಾನೆಲ್‌ನಲ್ಲಿ ಝೋನ್ (ಡೊಮೇನಿನ ಎಲ್ಲ ರೆಕಾರ್ಡ್‌ಗಳ ಪಟ್ಟಿ) ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ಸಾಕು. ಅಳಿಸಿದ ರೆಕಾರ್ಡನ್ನು ವಾಪಸ್ ತರುವ ದಾರಿ ಎಷ್ಟೋ ಪ್ಯಾನೆಲ್‌ಗಳಲ್ಲಿ ಇರುವುದಿಲ್ಲ. ಹಳೆಯ ಡಿಕಿಮ್ ಕೀ ಒಮ್ಮೆ ಹೋದರೆ ನೆನಪಿನಿಂದ ಬರೆಯಲು ಆಗುವಂಥದ್ದೂ ಅಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಹೊತ್ತನ್ನು ಬರೆದಿಡಿ. ನಾಲ್ಕು ರೆಕಾರ್ಡ್‌ಗಳನ್ನು ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಮೇಲ್ ಕೆಟ್ಟ ಹೊತ್ತಿನಲ್ಲೇ 'ನಿಮ್ಮ ಡೊಮೇನ್ ಮುಗಿಯುತ್ತಿದೆ, ಇಲ್ಲಿ ಒತ್ತಿ', 'ತಡೆಹಿಡಿದ ಮೇಲ್‌ಗಳನ್ನು ಬಿಡುಗಡೆ ಮಾಡಿ' ಎಂಬ ಸಂದೇಶ ಬಂದರೆ ಆತಂಕದಲ್ಲಿ ಒತ್ತಿಬಿಡುವುದು ಸುಲಭ. ಮೋಸ ಮಾಡುವವರು ಬಳಸುವ ಮಾತುಗಳೇ ಇವು. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಟ್ಟ ಸಂಸ್ಥೆ) ಆಗಲಿ ಹೋಸ್ಟಿಂಗ್ ಆಗಲಿ, ಆ ಕೊಂಡಿಗಳ ಮೂಲಕ ಹೋಗದೆ ಬ್ರೌಸರ್‌ನಲ್ಲಿ ವಿಳಾಸ ನೀವೇ ಟೈಪ್ ಮಾಡಿ ಲಾಗಿನ್ ಆಗಿ.

ಬೌನ್ಸ್ ಸಂದೇಶವನ್ನು ಕೊನೆಯ ಸಾಲಿನ ತನಕ ಓದಿ

ತಿರುಗಿ ಬಂದ ಮೇಲ್‌ನಲ್ಲಿ ಕಾರಣ ಬರೆದೇ ಇರುತ್ತದೆ. 'ಅದೇನೋ ಎರರ್ ಬಂತು' ಎಂದು ಅಳಿಸಿದವರ ಬಳಿ ಮೇಲ್ ಇನ್ನೊಮ್ಮೆ ಕಳಿಸಲು ಹೇಳಿ ಆ ಸಂದೇಶ ತರಿಸಿಕೊಳ್ಳಿ. ಮೂರಂಕಿಯ ಕೋಡ್ 4ರಿಂದ ಶುರುವಾದರೆ ಅದು ತಾತ್ಕಾಲಿಕ ತೊಂದರೆ, ಕಳಿಸುವ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. 5ರಿಂದ ಶುರುವಾದರೆ ಅದು ಅಲ್ಲಿಗೇ ಮುಗಿಯಿತು. ಅದರ ಪಕ್ಕದಲ್ಲಿ ಚುಕ್ಕಿಗಳಿರುವ ಇನ್ನೊಂದು ಕೋಡ್ ಇರುತ್ತದೆ. ನಿಜವಾದ ಸುಳಿವು ಅದರಲ್ಲಿದೆ.

5.1.1 ಎಂದರೆ ಆ ಹೆಸರಿನ ಅಂಚೆಪೆಟ್ಟಿಗೆ ಇಲ್ಲ. ಇದು ಡಿಎನ್‌ಎಸ್ ದೋಷ ಅಲ್ಲ, ವಿಳಾಸದ ಕಾಗುಣಿತ ನೋಡಿ. ಆದರೆ ಇರುವ ಅಂಚೆಪೆಟ್ಟಿಗೆಗೇ ಈ ಉತ್ತರ ಬಂದರೆ ಮೇಲ್ ತಪ್ಪು ಸರ್ವರ್‌ಗೆ ಹೋಗುತ್ತಿರಬಹುದು, ಆಗ ಎಂಎಕ್ಸ್ ನೋಡಿ.

5.1.2 ಅಥವಾ 5.4.4, ಜೊತೆಗೆ 'ಹೋಸ್ಟ್ ನಾಟ್ ಫೌಂಡ್' ಎಂದಿದ್ದರೆ ಡೊಮೇನ್‌ನ ಹೆಸರೇ ಡಿಎನ್‌ಎಸ್‌ನಲ್ಲಿ ಸಿಗುತ್ತಿಲ್ಲ.

4.4.3 ಎಂದರೆ ಡಿಎನ್‌ಎಸ್ ವಿಚಾರಣೆಗೆ ಉತ್ತರವೇ ಬರಲಿಲ್ಲ. ನೇಮ್‌ಸರ್ವರ್ (ನಿಮ್ಮ ಝೋನ್ ಇಟ್ಟುಕೊಂಡು ಉತ್ತರ ಕೊಡುವ ಸರ್ವರ್) ಸತ್ತಿದೆ, ಇಲ್ಲವೇ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಹಾಕುವ ಡಿಜಿಟಲ್ ಸಹಿ) ಮುರಿದಿದೆ.

'ರಿಲೇ ಆಕ್ಸೆಸ್ ಡಿನೈಡ್' ಎಂದಿದ್ದರೆ ಮೇಲ್ ಒಂದು ಸರ್ವರ್ ತನಕ ಹೋಗಿದೆ, ಆದರೆ 'ಈ ಡೊಮೇನ್ ನನ್ನದಲ್ಲ' ಎಂದು ಅದು ಬಾಗಿಲು ಹಾಕಿದೆ. ಎಂಎಕ್ಸ್ ತಪ್ಪು ಜಾಗಕ್ಕೆ ತೋರಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ.

4.1.8, 'ಸೆಂಡರ್ ಅಡ್ರೆಸ್ ರಿಜೆಕ್ಟೆಡ್: ಡೊಮೇನ್ ನಾಟ್ ಫೌಂಡ್' ಎಂಬುದು ನೀವು ಕಳಿಸಿದ ಮೇಲ್‌ಗೆ ಬರುವ ಉತ್ತರ. ನಿಮ್ಮದೇ ಡೊಮೇನ್ ಅವರಿಗೆ ಕಾಣಿಸುತ್ತಿಲ್ಲ ಎಂದರ್ಥ.

5.7.23, 5.7.26 ಎಂದರೆ ಎಸ್‌ಪಿಎಫ್, ಡಿಕಿಮ್ ಪರೀಕ್ಷೆಯಲ್ಲಿ ಸೋತಿದೆ. 5.7.25 ಎಂದರೆ ಪಿಟಿಆರ್ ಸರಿಯಿಲ್ಲ.

ಬೌನ್ಸ್ ಬರಲೇ ಇಲ್ಲ, ಮೇಲ್ ಕೂಡ ತಲುಪಲಿಲ್ಲ ಎಂದಾದರೆ ಸ್ವಲ್ಪ ತಾಳಿ. ತಾತ್ಕಾಲಿಕ ತೊಂದರೆಯಿದ್ದಾಗ ಕಳಿಸುವ ಸರ್ವರ್ ಮೇಲ್ ಅನ್ನು ಸಾಲಿನಲ್ಲಿ ಇಟ್ಟುಕೊಂಡು ದಿನಗಟ್ಟಲೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಈ ಅವಧಿ ಮೂಲತಃ 5 ದಿನ.

ಲಕ್ಷಣ: ಮೇಲ್ ಬರುತ್ತಿಲ್ಲ, ವೆಬ್‌ಸೈಟ್ ಕೂಡ ತೆರೆಯುತ್ತಿಲ್ಲ

ಎರಡೂ ಒಟ್ಟಿಗೆ ಹೋದರೆ ದೋಷ ಮೇಲ್ ರೆಕಾರ್ಡ್‌ಗಳಲ್ಲಿಲ್ಲ, ಡೊಮೇನಿನ ಬುಡದಲ್ಲೇ ಇದೆ. ಮೊದಲು ರಿಜಿಸ್ಟ್ರಾರ್ ಖಾತೆಗೆ ಹೋಗಿ ಡೊಮೇನ್ ಅವಧಿ ಮುಗಿದಿದೆಯೇ ನೋಡಿ. ಮುಗಿದ ಡೊಮೇನನ್ನು ರಿಜಿಸ್ಟ್ರಾರ್‌ಗಳು ತಮ್ಮದೇ ಜಾಹೀರಾತು ಪುಟಕ್ಕೆ ತಿರುಗಿಸುವುದುಂಟು. ಹಾಗಾಗಿ ಬೇರೇನೋ ಪುಟ ತೆರೆದರೂ ಅನುಮಾನ ಇಲ್ಲೇ ಇರಲಿ.

ನವೀಕರಣದ ನೆನಪೋಲೆ ಬರುವ ವಿಳಾಸ ಅದೇ ಡೊಮೇನಿನದ್ದಾಗಿದ್ದರೆ ಮೇಲ್ ನಿಂತ ಮೇಲೆ ಆ ಓಲೆಗಳೂ ನಿಂತುಬಿಡುತ್ತವೆ. ರಿಜಿಸ್ಟ್ರಾರ್‌ಗೆ ಕೊಡುವ ಸಂಪರ್ಕ ವಿಳಾಸ ಬೇರೆ ಡೊಮೇನಿನದ್ದಾಗಿರಲಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದಕ್ಕೇ.

ಅವಧಿ ಮುಗಿದಿಲ್ಲವಾದರೆ ಹೂಇಸ್ ಮಾಹಿತಿಯಲ್ಲಿ (ಡೊಮೇನ್ ನೋಂದಣಿಯ ಸಾರ್ವಜನಿಕ ವಿವರ) 'ಕ್ಲೈಂಟ್ ಹೋಲ್ಡ್' ಎಂಬ ಸ್ಥಿತಿ ಇದೆಯೇ ಹುಡುಕಿ. ಇದ್ದರೆ ರಿಜಿಸ್ಟ್ರಾರ್ ಡೊಮೇನನ್ನು ಡಿಎನ್‌ಎಸ್‌ನಿಂದ ಹೊರಗಿಟ್ಟಿದ್ದಾರೆ. ಹೊಸ ನೋಂದಣಿಯಾದಾಗ ಅಥವಾ ಮಾಲೀಕರ ವಿವರ ಬದಲಾದಾಗ ಇಮೇಲ್ ದೃಢೀಕರಿಸುವಂತೆ ಕೊಂಡಿ ಬರುತ್ತದೆ. ಡಾಟ್ ಕಾಮ್‌ನಂಥ ಡೊಮೇನ್‌ಗಳಲ್ಲಿ 15 ದಿನದೊಳಗೆ ಅದಕ್ಕೆ ಉತ್ತರಿಸದಿದ್ದರೆ ಹೀಗಾಗಬಹುದು. ಝೋನ್‌ನಲ್ಲಿ ಎಷ್ಟು ತಿದ್ದಿದರೂ ಇದು ಸರಿಯಾಗುವುದಿಲ್ಲ, ರಿಜಿಸ್ಟ್ರಾರ್ ಜೊತೆಗೇ ಮಾತಾಡಬೇಕು.

ಲಕ್ಷಣ: ವೆಬ್‌ಸೈಟ್ ಸರಿಯಿದೆ, ಮೇಲ್ ಮಾತ್ರ ಬರುತ್ತಿಲ್ಲ

ಈ ಲಕ್ಷಣ ಕಂಡಾಗ ನಾನು ಕೇಳುವ ಮೊದಲ ಪ್ರಶ್ನೆ: ಇತ್ತೀಚೆಗೆ ವೆಬ್‌ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದಿರಾ? ಬಹುಪಾಲು ಉತ್ತರ ಹೌದು. ಹೊಸ ಹೋಸ್ಟಿಂಗ್‌ನವರು 'ನಮ್ಮ ನೇಮ್‌ಸರ್ವರ್ ಹಾಕಿ' ಎನ್ನುತ್ತಾರೆ, ನೀವು ಹಾಕುತ್ತೀರಿ, ಸೈಟ್ ಚೆಂದವಾಗಿ ತೆರೆದುಕೊಳ್ಳುತ್ತದೆ. ಆದರೆ ನೇಮ್‌ಸರ್ವರ್ ಬದಲಿಸಿದಾಗ ಹಳೆಯ ಝೋನ್ ಪೂರ್ತಿ ಕೈಬಿಟ್ಟಂತೆ. ಅಲ್ಲಿದ್ದ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ತಾವಾಗಿ ಹೊಸ ಕಡೆಗೆ ಬರುವುದಿಲ್ಲ. ಬರೀ ಎ ರೆಕಾರ್ಡ್ (ಹೆಸರಿನ ಐಪಿ ಸಂಖ್ಯೆ ಹೇಳುವುದು) ಬದಲಿಸಿದ್ದರೆ ಸಾಕಾಗುತ್ತಿದ್ದ ಕೆಲಸಕ್ಕೆ ನೇಮ್‌ಸರ್ವರ್ ಬದಲಿಸಿದ್ದೇ ಎಷ್ಟೋ ಸಲ ಮೂಲ ತಪ್ಪು.

ಪರೀಕ್ಷೆ ಸುಲಭ, ಖರ್ಚಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು

ಎನ್‌ಎಸ್‌ಲುಕಪ್ -ಟೈಪ್=ಎಂಎಕ್ಸ್ ಎಕ್ಸಾಂಪಲ್.ಕಾಮ್

ಎಂದು ಕೊಡಿ. ಲಿನಕ್ಸ್, ಮ್ಯಾಕ್‌ನಲ್ಲಾದರೆ

ಡಿಗ್ ಎಂಎಕ್ಸ್ ಎಕ್ಸಾಂಪಲ್.ಕಾಮ್

ಉತ್ತರವನ್ನು ಹೀಗೆ ಓದಬೇಕು. ಎಂಎಕ್ಸ್ ಒಂದೂ ಕಾಣದಿದ್ದರೆ ಮೇಲ್ ಸುಮ್ಮನೆ ನಿಲ್ಲುವುದಿಲ್ಲ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದಂತೆ ಕಳಿಸುವ ಸರ್ವರ್ ಆಗ ಡೊಮೇನಿನ ಎ ರೆಕಾರ್ಡನ್ನೇ ಹಿಡಿದು ವೆಬ್ ಸರ್ವರ್‌ನ ಬಾಗಿಲು ತಟ್ಟುತ್ತದೆ. ಅಲ್ಲಿಂದ 'ರಿಲೇ ಆಕ್ಸೆಸ್ ಡಿನೈಡ್' ಬರಬಹುದು, ಇಲ್ಲವೇ ಸಂಪರ್ಕವೇ ಸಿಗದೆ ದಿನಗಳ ನಂತರ ಬೌನ್ಸ್ ಆಗಬಹುದು. ಇನ್ನೂ ಕೆಟ್ಟದ್ದೆಂದರೆ ಆ ಹೋಸ್ಟಿಂಗ್ ಮೇಲ್ ಅನ್ನು ಒಪ್ಪಿಕೊಂಡು ನೀವೆಂದೂ ತೆರೆಯದ ಅಂಚೆಪೆಟ್ಟಿಗೆಯಲ್ಲಿ ಇಟ್ಟುಬಿಡಬಹುದು. ಬೌನ್ಸ್ ಇಲ್ಲದೆ ಮೇಲ್ ಕಾಣೆಯಾಗಿದ್ದರೆ ಹೊಸ ಹೋಸ್ಟಿಂಗ್‌ನ ವೆಬ್‌ಮೇಲ್ ತೆರೆದು ನೋಡಿ. ಕಳೆದುಹೋಯಿತು ಎಂದುಕೊಂಡದ್ದೆಲ್ಲ ಅಲ್ಲಿ ಸಿಕ್ಕರೆ ಅಚ್ಚರಿಯಿಲ್ಲ. ಸಿಕ್ಕರೆ ಮೊದಲು ಅವನ್ನು ಇಳಿಸಿಕೊಳ್ಳಿ, ಆಮೇಲೆ ಆ ಅಂಚೆಪೆಟ್ಟಿಗೆ ತೆಗೆಯಿರಿ.

ಎಂಎಕ್ಸ್ ಇದೆ, ಆದರೆ ಅದು ತೋರಿಸುವ ಹೆಸರು ನಿಮ್ಮ ಮೇಲ್ ಸೇವೆಯದ್ದಲ್ಲ ಎಂದಾದರೆ ಸೇವೆಯ ಸಹಾಯ ಪುಟದಲ್ಲಿರುವ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಗೂಗಲ್ ವರ್ಕ್‌ಸ್ಪೇಸ್‌ಗೆ 2023ರಿಂದ ಎಸ್‌ಎಂಟಿಪಿ.ಗೂಗಲ್.ಕಾಮ್ ಎಂಬ ಒಂದೇ ಎಂಎಕ್ಸ್ ಸಾಕು. ಅದಕ್ಕೂ ಮೊದಲಿನ ಐದು ಎಂಎಕ್ಸ್ ಇರುವವರು ಗಾಬರಿಯಾಗಿ ಅಳಿಸಬೇಕಿಲ್ಲ, ಅವೂ ಕೆಲಸ ಮಾಡುತ್ತವೆ. ಗೂಗಲ್‌ನ ಎಂಎಕ್ಸ್ ಪಕ್ಕದಲ್ಲಿ ಹಳೆಯ ಹೋಸ್ಟಿಂಗ್‌ನ ಎಂಎಕ್ಸ್ ಉಳಿದಿದ್ದರೆ ಅದು ತೊಂದರೆ. ಎಂಎಕ್ಸ್ ಜೊತೆಗಿರುವ ಸಂಖ್ಯೆ ಆದ್ಯತೆ ಹೇಳುತ್ತದೆ, ಚಿಕ್ಕ ಸಂಖ್ಯೆಗೆ ಮೊದಲ ಸರದಿ. 'ದೊಡ್ಡ ಸಂಖ್ಯೆ ಕೊಟ್ಟಿದ್ದೇನೆ, ಹಳೆಯದು ಇದ್ದರೆ ಏನಂತೆ' ಎಂದು ಬಿಡಬೇಡಿ. ಮೊದಲನೆಯದು ಒಂದು ಕ್ಷಣ ಸಿಗದಿದ್ದರೂ ಮೇಲ್ ಹಳೆಯದಕ್ಕೆ ಹೋಗಿಬಿಡುತ್ತದೆ.

ಹೆಸರು ಸರಿಯಾಗಿ ಕಂಡರೂ ಮೇಲ್ ಬಾರದಿದ್ದರೆ ಆ ಹೆಸರು ಎಲ್ಲಿಗೆ ಹೋಗುತ್ತದೆ ಎಂದು ಇನ್ನೊಂದು ಹೆಜ್ಜೆ ಹಿಂಬಾಲಿಸಿ. ಎಂಎಕ್ಸ್ ಮೇಲ್.ಎಕ್ಸಾಂಪಲ್.ಕಾಮ್ ಎಂದಿದ್ದರೆ 'ಡಿಗ್ ಎ ಮೇಲ್.ಎಕ್ಸಾಂಪಲ್.ಕಾಮ್' ಎಂದು ಕೇಳಿ. ಇಲ್ಲಿ ಕಾಣುವ ತಪ್ಪುಗಳು ಹಲವು.

ಎಂಎಕ್ಸ್‌ನಲ್ಲಿ ಐಪಿ ಸಂಖ್ಯೆಯನ್ನೇ ಬರೆದಿರುವುದು ಒಂದು. ಎಂಎಕ್ಸ್ ಹೆಸರಿಗೆ ಮಾತ್ರ ತೋರಿಸಬೇಕು. ಆ ಹೆಸರಿಗೆ ಎ ಅಥವಾ ಎಎಎಎ (ಐಪಿವಿ6 ವಿಳಾಸ ಹೇಳುವ) ರೆಕಾರ್ಡ್ ಇರಬೇಕು. ಆ ಹೆಸರು ಸಿನೇಮ್ (ಇನ್ನೊಂದು ಹೆಸರಿಗೆ ತೋರಿಸುವ ಅಡ್ಡಹೆಸರು) ಆಗಿರುವುದು ಇನ್ನೊಂದು ತಪ್ಪು. 1997ರ ಆರ್‌ಎಫ್‌ಸಿ 2181 ಎಂಬ ಇಂಟರ್‌ನೆಟ್ ಮಾನದಂಡ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಕೆಲವು ಸರ್ವರ್‌ಗಳು ಹೇಗೋ ಸಹಿಸಿಕೊಳ್ಳುತ್ತವೆ, ಕೆಲವು ನಿರಾಕರಿಸುತ್ತವೆ. 'ಒಬ್ಬರಿಂದ ಬರುತ್ತದೆ, ಇನ್ನೊಬ್ಬರಿಂದ ಇಲ್ಲ' ಎಂಬ ಗೊಂದಲಕ್ಕೆ ಇದೂ ಒಂದು ಕಾರಣ.

ಉತ್ತರದಲ್ಲಿ ಮೇಲ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಎಂದು ಡೊಮೇನ್ ಎರಡು ಸಲ ಕಂಡರೆ ಝೋನ್ ಫೈಲ್‌ನಲ್ಲಿ ಹೆಸರಿನ ಕೊನೆಯ ಚುಕ್ಕಿ ಬಿಟ್ಟುಹೋಗಿದೆ. ಆ ಚುಕ್ಕಿ ಇಲ್ಲದ ಹೆಸರಿಗೆ ಬೈಂಡ್‌ನಂಥ ಡಿಎನ್‌ಎಸ್ ಸರ್ವರ್ ತಾನಾಗಿ ಡೊಮೇನ್ ಅಂಟಿಸುತ್ತದೆ. ವೆಬ್ ಪ್ಯಾನೆಲ್‌ಗಳಲ್ಲೂ ಹೆಸರಿನ ಅಂಕಣದಲ್ಲಿ ಪೂರ್ತಿ ಡೊಮೇನ್ ಬರೆದಾಗ ಇದೇ ಆಗುತ್ತದೆ.

ಕ್ಲೌಡ್‌ಫ್ಲೇರ್ ಬಳಸುವವರು ಮೇಲ್ ಹೆಸರಿನ ಎ ರೆಕಾರ್ಡ್ ಪಕ್ಕದ ಮೋಡದ ಬಣ್ಣ ನೋಡಲಿ. ಕಿತ್ತಳೆ ಮೋಡ ಎಂದರೆ ಸಂಪರ್ಕ ಕ್ಲೌಡ್‌ಫ್ಲೇರ್‌ನ ಪ್ರಾಕ್ಸಿ ಮೂಲಕ ಹೋಗುತ್ತದೆ. ಆ ಪ್ರಾಕ್ಸಿ ಇರುವುದು ವೆಬ್ ಸಂಚಾರಕ್ಕೆ, ಮೇಲ್ ಬರುವ 25ನೇ ಪೋರ್ಟ್ ಅದರಲ್ಲಿ ದಾಟುವುದಿಲ್ಲ. ಮೇಲ್ ಸರ್ವರ್‌ನ ರೆಕಾರ್ಡ್ 'ಡಿಎನ್‌ಎಸ್ ಓನ್ಲಿ' ಎಂದು ಬೂದು ಮೋಡದಲ್ಲೇ ಇರಬೇಕು.

ಎಂಎಕ್ಸ್ ಉತ್ತರ '0 .' ಎಂದು ಬರೀ ಸೊನ್ನೆ ಮತ್ತು ಚುಕ್ಕಿಯಾಗಿದ್ದರೆ ಅದನ್ನು ನಲ್ ಎಂಎಕ್ಸ್ ಎನ್ನುತ್ತಾರೆ. 'ಈ ಡೊಮೇನ್ ಮೇಲ್ ಸ್ವೀಕರಿಸುವುದಿಲ್ಲ' ಎಂಬ ಉದ್ದೇಶಪೂರ್ವಕ ಘೋಷಣೆ ಅದು. ಬಳಸದ ಡೊಮೇನ್‌ಗೆ ಅದು ಒಳ್ಳೆಯದು, ಬಳಸುವ ಡೊಮೇನ್‌ಗೆ ಯಾರೋ ಮಾದರಿಯಿಂದ ನಕಲು ಮಾಡಿ ಹಾಕಿದ್ದರೆ ತೆಗೆಯಿರಿ.

ಎಲ್ಲ ಸರಿಯಿದ್ದೂ ಬಾರದಿದ್ದರೆ ಹೊರಗಿನ ಯಂತ್ರವೊಂದರಿಂದ ಎಂಎಕ್ಸ್ ಹೆಸರಿನ 25ನೇ ಪೋರ್ಟ್‌ಗೆ ಟೆಲ್‌ನೆಟ್ ಮಾಡಿ. 220 ಎಂಬ ಸ್ವಾಗತ ಸಾಲು ಬಂದರೆ ಡಿಎನ್‌ಎಸ್ ತನ್ನ ಕೆಲಸ ಮಾಡಿದೆ, ಉಳಿದ ಹುಡುಕಾಟ ಮೇಲ್ ಸರ್ವರ್‌ನಲ್ಲಿ. ಮನೆಯ ಇಂಟರ್‌ನೆಟ್‌ನಿಂದ ಹೀಗೆ ಪರೀಕ್ಷಿಸಿದರೆ ಮೋಸಹೋಗಬಹುದು, ಬಹಳಷ್ಟು ಸೇವಾದಾರರು ಹೊರಹೋಗುವ 25ನೇ ಪೋರ್ಟನ್ನೇ ಮುಚ್ಚಿರುತ್ತಾರೆ.

ಲಕ್ಷಣ: ಕೆಲವರಿಂದ ಬರುತ್ತದೆ, ಕೆಲವರಿಂದ ಬರುತ್ತಿಲ್ಲ

ನಿನ್ನೆ ಮೊನ್ನೆ ರೆಕಾರ್ಡ್ ಬದಲಿಸಿದ್ದರೆ ಇದು ದೋಷವೇ ಅಲ್ಲದಿರಬಹುದು. ಪ್ರತಿ ರೆಕಾರ್ಡ್‌ಗೂ ಟಿಟಿಎಲ್ ಇರುತ್ತದೆ, ಅಷ್ಟು ಸೆಕೆಂಡ್ ತನಕ ಹಳೆಯ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳುತ್ತಾರೆ. 3600 ಎಂದಿದ್ದರೆ ಒಂದು ಗಂಟೆ, 86400 ಎಂದಿದ್ದರೆ ಒಂದು ದಿನ. ಡಾಟ್ ಕಾಮ್ ಡೊಮೇನಿನ ನೇಮ್‌ಸರ್ವರ್ ಬದಲಿಸಿದ್ದರೆ ಮೇಲಿನ ಹಂತದಲ್ಲಿ ಆ ಮಾಹಿತಿಯ ಟಿಟಿಎಲ್ 172800 ಸೆಕೆಂಡ್, ಅಂದರೆ 48 ಗಂಟೆ. ಈ ಎರಡು ದಿನ ಹಳೆಯ ಮೇಲ್ ಸೇವೆಯನ್ನಾಗಲಿ ಹಳೆಯ ಝೋನನ್ನಾಗಲಿ ಮುಚ್ಚಬೇಡಿ.

'ಇಲ್ಲ' ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ. ರೆಕಾರ್ಡ್ ಸೇರಿಸುವ ಮೊದಲೇ ಯಾರಾದರೂ ಕೇಳಿದ್ದರೆ, ಸೇರಿಸಿದ ನಂತರವೂ ಅವರ ಕಡೆಯ ಡಿಎನ್‌ಎಸ್ ಸ್ವಲ್ಪ ಹೊತ್ತು ಇಲ್ಲ ಎಂದೇ ಹೇಳುತ್ತದೆ. ಎಷ್ಟು ಹೊತ್ತು ಎಂಬುದನ್ನು ನಿಮ್ಮ ಝೋನ್‌ನ ಮೂಲ ವಿವರಗಳಿರುವ ಎಸ್‌ಒಎ ರೆಕಾರ್ಡ್ ನಿರ್ಧರಿಸುತ್ತದೆ. ಹಾಗಾಗಿ ತಿದ್ದಿದ್ದು ಬಂದಿದೆಯೇ ಎಂದು ನೋಡಲು ನಿಮ್ಮ ನೇಮ್‌ಸರ್ವರ್‌ಗಳನ್ನೇ ನೇರವಾಗಿ ಕೇಳಿ:

ಡಿಗ್ @ಎನ್‌ಎಸ್1.ಎಕ್ಸಾಂಪಲ್.ಕಾಮ್ ಎಂಎಕ್ಸ್ ಎಕ್ಸಾಂಪಲ್.ಕಾಮ್

ಇದನ್ನು ಪ್ರತಿ ನೇಮ್‌ಸರ್ವರ್‌ಗೂ ಕೇಳಬೇಕು. ಒಂದು ಹೊಸ ಉತ್ತರ ಕೊಟ್ಟು ಇನ್ನೊಂದು ಹಳೆಯದನ್ನೇ ಕೊಟ್ಟರೆ ಎರಡರ ಎಸ್‌ಒಎ ಸೀರಿಯಲ್ ಸಂಖ್ಯೆ ಹೋಲಿಸಿ. ಝೋನ್ ಫೈಲನ್ನು ಕೈಯಾರೆ ತಿದ್ದುವವರು ಸೀರಿಯಲ್ ಹೆಚ್ಚಿಸಲು ಮರೆತರೆ ಎರಡನೆಯ ಸರ್ವರ್‌ಗೆ ಬದಲಾವಣೆ ತಿಳಿಯುವುದೇ ಇಲ್ಲ. ಆಗ ಎಷ್ಟು ದಿನ ಕಾದರೂ ಪ್ರಯೋಜನವಿಲ್ಲ.

ಕಠಿಣವಾದದ್ದು ಡಿಎನ್‌ಎಸ್‌ಸೆಕ್. ಅದು ಮುರಿದಿದ್ದರೆ, ಡಿಜಿಟಲ್ ಸಹಿ ಪರೀಕ್ಷಿಸುವ 8.8.8.8, 1.1.1.1, 9.9.9.9 ರಂಥ ರಿಸಾಲ್ವರ್‌ಗಳಿಂದ (ನಮ್ಮ ಪರವಾಗಿ ಡಿಎನ್‌ಎಸ್ ಉತ್ತರ ತರುವ ಸರ್ವರ್‌ಗಳು) ಸರ್ವ್‌ಫೇಲ್ ಎಂಬ ದೋಷ ಬರುತ್ತದೆ, ಪರೀಕ್ಷಿಸದವುಗಳಿಂದ ಸರಿಯಾದ ಉತ್ತರ ಬರುತ್ತದೆ. ಹಾಗಾಗಿಯೇ ಕೆಲವರಿಗೆ ನಿಮ್ಮ ಡೊಮೇನ್ ಇದೆ, ಕೆಲವರಿಗೆ ಇಲ್ಲ. ಖಚಿತ ಮಾಡಿಕೊಳ್ಳಲು ಅದೇ ಡಿಗ್ ಆಜ್ಞೆಗೆ ಕೊನೆಯಲ್ಲಿ +ಸಿಡಿ ಸೇರಿಸಿ. ಸೇರಿಸಿದಾಗ ಉತ್ತರ ಬಂದು, ಸೇರಿಸದಿದ್ದಾಗ ಸರ್ವ್‌ಫೇಲ್ ಬಂದರೆ ಕಾರಣ ಡಿಎನ್‌ಎಸ್‌ಸೆಕ್. ಸಾಮಾನ್ಯವಾಗಿ ನೇಮ್‌ಸರ್ವರ್ ಬದಲಿಸಿದವರು ರಿಜಿಸ್ಟ್ರಾರ್ ಬಳಿ ಹಳೆಯ ಡಿಎಸ್ ರೆಕಾರ್ಡ್ (ಸಹಿಯ ಕೀ ಯಾವುದೆಂದು ಹೇಳುವುದು) ಬಿಟ್ಟಿರುತ್ತಾರೆ. ಅದನ್ನು ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ತೆಗೆಯಬೇಕು.

ಇಲ್ಲಿ ದಯವಿಟ್ಟು ಕ್ರಮ ತಪ್ಪಬೇಡಿ. ಡಿಎನ್‌ಎಸ್‌ಸೆಕ್ ಚೆನ್ನಾಗಿ ನಡೆಯುತ್ತಿರುವ ಡೊಮೇನಿನಲ್ಲಿ ಅದನ್ನು ನಿಲ್ಲಿಸಬೇಕಾದರೆ ಮೊದಲು ಡಿಎಸ್ ತೆಗೆದು, ಅದರ ಟಿಟಿಎಲ್ ಮುಗಿಯುವ ತನಕ ಕಾದು, ಆಮೇಲೆ ಸಹಿ ನಿಲ್ಲಿಸಬೇಕು. ತಿರುಗುಮುರುಗಾದರೆ ಮೇಲ್ ಜೊತೆ ವೆಬ್‌ಸೈಟೂ ಹೋಗುತ್ತದೆ.

ಲಕ್ಷಣ: ನಮ್ಮದೇ ವೆಬ್‌ಸೈಟಿನ ಫಾರ್ಮ್‌ನಿಂದ ಮಾತ್ರ ಮೇಲ್ ಬರುತ್ತಿಲ್ಲ

ಹೊರಗಿನವರ ಮೇಲ್ ಸರಾಗವಾಗಿ ಬರುತ್ತಿದೆ, ಸಂಪರ್ಕ ಫಾರ್ಮ್ ತುಂಬಿದವರ ಮೇಲ್ ಮಾತ್ರ ಕಾಣೆ. ಡಿಎನ್‌ಎಸ್ ಸರಿಯಿದೆ, ಆದರೆ ವೆಬ್ ಸರ್ವರ್ ಅದನ್ನು ಕೇಳುತ್ತಲೇ ಇಲ್ಲ. ತನ್ನಲ್ಲೇ ಆ ಡೊಮೇನ್ ಇದೆ ಎಂದು ಭಾವಿಸಿ ಮೇಲ್ ಅನ್ನು ಒಳಗೇ ಬಟವಾಡೆ ಮಾಡುತ್ತಿದೆ. ಸಿಪ್ಯಾನೆಲ್‌ನಲ್ಲಿ 'ಇಮೇಲ್ ರೂಟಿಂಗ್' ತೆರೆದು 'ರಿಮೋಟ್ ಮೇಲ್ ಎಕ್ಸ್‌ಚೇಂಜರ್' ಆರಿಸಿ. ಇದಕ್ಕಾಗಿ ಎಂಎಕ್ಸ್ ಮುಟ್ಟುವ ಅಗತ್ಯವೇ ಇಲ್ಲ.

ಲಕ್ಷಣ: ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆ, ಅಥವಾ 5.7.26 ಎಂದು ತಿರುಗಿ ಬರುತ್ತಿದೆ

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು. ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎರಡೂ ಬೇಕು, ಡಿಮಾರ್ಕ್ ಕೂಡ ಬೇಕು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್.ಕಾಮ್ ವಿಳಾಸಗಳಿಗೆ ಇಂಥದ್ದೇ ನಿಯಮವನ್ನು 2025ರ ಮೇ ತಿಂಗಳಲ್ಲಿ ತಂದಿತು, ಅಲ್ಲಿ ಕಾಣುವ ಕೋಡ್ 5.7.515. ಮೊದಲು ಹೋಗುತ್ತಿದ್ದ ಮೇಲ್ ಈಗೇಕೆ ಹೋಗುತ್ತಿಲ್ಲ ಎಂಬ ಪ್ರಶ್ನೆಗೆ ಬಹಳಷ್ಟು ಸಲ ಉತ್ತರ ಇದೇ.

ಜಿಮೇಲ್ ಖಾತೆಯೊಂದಕ್ಕೆ ಮೇಲ್ ಕಳಿಸಿ, ಅದನ್ನು ಕಂಪ್ಯೂಟರ್‌ನಲ್ಲಿ ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಫಲಿತಾಂಶವೂ ಮೇಲ್ಭಾಗದಲ್ಲೇ ಇರುತ್ತದೆ.

ಎಸ್‌ಪಿಎಫ್ 'ನನ್' ಎಂದಿದ್ದರೆ ರೆಕಾರ್ಡೇ ಇಲ್ಲ. ಅದು ಡೊಮೇನಿನ ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್ ಆಗಿ, ಗೂಗಲ್ ಬಳಸುವವರಿಗೆ ಉದಾಹರಣೆಗೆ ಹೀಗಿರಬೇಕು:

ವಿ=ಎಸ್‌ಪಿಎಫ್1 ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಮ್ ಐಪಿ4:192.0.2.10 ~ಆಲ್

'ಪರ್ಮ್‌ಎರರ್' ಎಂದಿದ್ದರೆ ಎರಡು ಸಾಧ್ಯತೆ ಮೊದಲು ನೋಡಿ. ಒಂದು, ಎಸ್‌ಪಿಎಫ್ ರೆಕಾರ್ಡ್ ಎರಡಿವೆ. ಹೊಸ ಸೇವೆ ಸೇರಿಸಿದಾಗಲೆಲ್ಲ ಅವರು ಕೊಟ್ಟ ಸಾಲನ್ನು ಹೊಸ ರೆಕಾರ್ಡ್ ಆಗಿ ಹಾಕಿದರೆ ಹೀಗಾಗುತ್ತದೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು, ಎಲ್ಲ ಇನ್‌ಕ್ಲೂಡ್‌ಗಳೂ (ಬೇರೆ ಸೇವೆಯ ಪಟ್ಟಿಯನ್ನು ಸೇರಿಸುವ ಭಾಗಗಳು) ಅದರೊಳಗೇ ಸೇರಬೇಕು. ಎರಡು, ಡಿಎನ್‌ಎಸ್ ವಿಚಾರಣೆಗಳ ಮಿತಿ ಮೀರಿದೆ. ಎಸ್‌ಪಿಎಫ್ ಪರೀಕ್ಷೆಯಲ್ಲಿ ಹತ್ತಕ್ಕಿಂತ ಹೆಚ್ಚು ವಿಚಾರಣೆ ನಡೆಯುವಂತಿಲ್ಲ. ಇನ್‌ಕ್ಲೂಡ್, ಎ, ಎಂಎಕ್ಸ್, ರಿಡೈರೆಕ್ಟ್ ಇವೆಲ್ಲ ಲೆಕ್ಕಕ್ಕೆ ಬರುತ್ತವೆ, ಇನ್‌ಕ್ಲೂಡ್‌ನ ಒಳಗಿರುವ ಇನ್‌ಕ್ಲೂಡ್‌ಗಳೂ ಬರುತ್ತವೆ. ಐಪಿ4, ಐಪಿ6 ಬರುವುದಿಲ್ಲ. ಎಂದೋ ಬಿಟ್ಟ ಸೇವೆಗಳ ಇನ್‌ಕ್ಲೂಡ್ ತೆಗೆದರೆ ಬಹುಪಾಲು ಡೊಮೇನ್‌ಗಳು ಮಿತಿಯೊಳಗೆ ಬರುತ್ತವೆ.

'ಫೇಲ್' ಅಥವಾ 'ಸಾಫ್ಟ್‌ಫೇಲ್' ಎಂದಿದ್ದರೆ ಅದೇ ಪುಟದಲ್ಲಿ ಕಾಣುವ ಕಳಿಸಿದ ಐಪಿ ನಿಮ್ಮ ಎಸ್‌ಪಿಎಫ್‌ನಲ್ಲಿಲ್ಲ. ಆ ಐಪಿ ನಿಮ್ಮದೇ ಎಂದು ಖಚಿತವಾದರೆ ಮಾತ್ರ ಸೇರಿಸಿ. ತಲೆನೋವು ತಪ್ಪಲಿ ಎಂದು +ಆಲ್ ಹಾಕಲೇಬೇಡಿ. ಜಗತ್ತಿನ ಯಾವ ಸರ್ವರ್ ಬೇಕಾದರೂ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದು ಎಂದು ನೀವೇ ಬರೆದುಕೊಟ್ಟಂತಾಗುತ್ತದೆ.

ಡಿಕಿಮ್ ಸೋತಿದ್ದರೆ ಕಾರಣದ ಮಾತುಗಳನ್ನು ನೋಡಿ. 'ನೋ ಕೀ' ಎಂದಿದ್ದರೆ ದೋಷ ಡಿಎನ್‌ಎಸ್‌ನಲ್ಲಿದೆ. 'ಬಾಡಿ ಹ್ಯಾಶ್ ಡಿಡ್ ನಾಟ್ ವೆರಿಫೈ' ಎಂದಿದ್ದರೆ ಮೇಲ್ ದಾರಿಯಲ್ಲಿ ಬದಲಾಗಿದೆ, ಸಾಮಾನ್ಯವಾಗಿ ಅಡಿಟಿಪ್ಪಣಿ ಅಂಟಿಸುವ ಯಾವುದೋ ಗೇಟ್‌ವೇಯಿಂದ, ಡಿಎನ್‌ಎಸ್ ತಿದ್ದಿ ಪ್ರಯೋಜನವಿಲ್ಲ. ಮೇಲ್ ಹೆಡರ್‌ನ ಡಿಕಿಮ್ ಸಹಿಯಲ್ಲಿ 'ಎಸ್=' ಎಂಬಲ್ಲಿ ಸೆಲೆಕ್ಟರ್ (ಯಾವ ಕೀ ಎಂದು ಗುರುತಿಸುವ) ಹೆಸರಿರುತ್ತದೆ. ಅದು 'ಗೂಗಲ್' ಎಂದಿದ್ದರೆ ಹೀಗೆ ಕೇಳಿ:

ಡಿಗ್ ಟಿಎಕ್ಸ್‌ಟಿ ಗೂಗಲ್._ಡೊಮೇನ್‌ಕೀ.ಎಕ್ಸಾಂಪಲ್.ಕಾಮ್

ಉತ್ತರ ಬಾರದಿದ್ದರೆ ರೆಕಾರ್ಡ್ ಇಲ್ಲ, ಇಲ್ಲವೇ ಪ್ಯಾನೆಲ್ ಡೊಮೇನ್ ಹೆಸರನ್ನು ಎರಡು ಸಲ ಅಂಟಿಸಿದೆ. ಬಂದರೂ ಕೀ ಅರ್ಧಕ್ಕೆ ತುಂಡಾಗಿದೆಯೇ ನೋಡಿ. ಟಿಎಕ್ಸ್‌ಟಿ ರೆಕಾರ್ಡ್‌ನ ಒಂದು ತುಣುಕಿನಲ್ಲಿ 255 ಅಕ್ಷರ ಮಾತ್ರ ಹಿಡಿಸುತ್ತದೆ, 2048 ಬಿಟ್‌ನ ಕೀ ಅದಕ್ಕಿಂತ ಉದ್ದ. ಒಳ್ಳೆಯ ಪ್ಯಾನೆಲ್ ತಾನೇ ತುಣುಕು ಮಾಡುತ್ತದೆ, ಕೆಲವು ಕತ್ತರಿಸಿ ಬಿಸಾಡುತ್ತವೆ. ಡಿಎನ್‌ಎಸ್‌ಗೆ ಹಾಕುವುದು ಸಾರ್ವಜನಿಕ ಕೀ ಮಾತ್ರ. ಖಾಸಗಿ ಕೀಯನ್ನು ಅಲ್ಲಿ ಹಾಕಬೇಡಿ, ಸಹಾಯ ಕೇಳುವಾಗ ಯಾರಿಗೂ ಕಳಿಸಬೇಡಿ.

ಎಸ್‌ಪಿಎಫ್ ಪಾಸ್, ಆದರೂ ಡಿಮಾರ್ಕ್ ಫೇಲ್ ಎಂದಾದರೆ ಗೊಂದಲವಾಗುವುದು ಸಹಜ. ಡಿಮಾರ್ಕ್ ನೋಡುವುದು ಓದುಗರಿಗೆ ಕಾಣುವ 'ಫ್ರಮ್' ವಿಳಾಸದ ಡೊಮೇನನ್ನು. ಸುದ್ದಿಪತ್ರ ಕಳಿಸುವ ಸೇವೆಗಳು ತಮ್ಮದೇ ಡೊಮೇನಿನ ರಿಟರ್ನ್ ವಿಳಾಸ ಇಟ್ಟುಕೊಳ್ಳುವುದರಿಂದ ಎಸ್‌ಪಿಎಫ್ ಅವರ ಹೆಸರಿಗೆ ಪಾಸ್ ಆಗುತ್ತದೆ, ನಿಮ್ಮ ಹೆಸರಿಗಲ್ಲ. ಆ ಸೇವೆಯಲ್ಲಿ ನಿಮ್ಮ ಡೊಮೇನಿನ ಡಿಕಿಮ್ ಹೊಂದಿಸಿದರೆ ಇದು ಬಗೆಹರಿಯುತ್ತದೆ. ಡಿಮಾರ್ಕ್ ಹೊಸದಾಗಿ ಹಾಕುವವರು ಪಿ=ನನ್ (ಸೋತರೂ ತಡೆಯಬೇಡಿ) ಇಂದಲೇ ಶುರುಮಾಡಿ, ಬರುವ ವರದಿಗಳಲ್ಲಿ ನಿಮ್ಮ ಹೆಸರಲ್ಲಿ ಯಾರ್ಯಾರು ಕಳಿಸುತ್ತಿದ್ದಾರೆ ಎಂದು ನೋಡಿ. ನೇರ ಪಿ=ರಿಜೆಕ್ಟ್ (ಸೋತರೆ ತಿರಸ್ಕರಿಸಿ) ಹಾಕಿದರೆ ಮರೆತುಹೋದ ಬಿಲ್ಲಿಂಗ್ ವ್ಯವಸ್ಥೆಯೊಂದರ ಮೇಲ್‌ಗಳು ಸದ್ದಿಲ್ಲದೆ ನಿಂತುಬಿಡುತ್ತವೆ.

ಲಕ್ಷಣ: ಸ್ವಂತ ಸರ್ವರ್‌ನಿಂದ ಕಳಿಸಿದ್ದು 5.7.25 ಎಂದು, ಅಥವಾ ಜಿಮೇಲ್‌ನಿಂದ ಮಾತ್ರ ತಿರುಗಿ ಬರುತ್ತಿದೆ

ಗೂಗಲ್, ಮೈಕ್ರೋಸಾಫ್ಟ್‌ನಂಥ ಸೇವೆಯ ಮೂಲಕ ಕಳಿಸುವವರು ಈ ಭಾಗ ಬಿಟ್ಟುಬಿಡಬಹುದು, ಅದು ಅವರ ಹೊಣೆ. ಸ್ವಂತ ಸರ್ವರ್ ಇದ್ದವರು 'ಡಿಗ್ -ಎಕ್ಸ್ 192.0.2.10' ಎಂದು ತಮ್ಮ ಐಪಿ ಹಾಕಿ ಕೇಳಲಿ. ಬಂದ ಹೆಸರನ್ನು ಮತ್ತೆ ಎ ರೆಕಾರ್ಡ್‌ಗೆ ಕೇಳಿದರೆ ಅದೇ ಐಪಿಗೆ ವಾಪಸ್ ಬರಬೇಕು.

ಪಿಟಿಆರ್ ಅನ್ನು ನಿಮ್ಮ ಡೊಮೇನಿನ ಝೋನ್‌ನಲ್ಲಿ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ. ಐಪಿ ಯಾರದೋ ಅವರು ಹಾಕಬೇಕು, ಅಂದರೆ ಸರ್ವರ್ ಬಾಡಿಗೆಗೆ ಕೊಟ್ಟವರ ಪ್ಯಾನೆಲ್‌ನಲ್ಲಿ 'ರಿವರ್ಸ್ ಡಿಎನ್‌ಎಸ್' ಎಂದು ಹುಡುಕಿ, ಇಲ್ಲದಿದ್ದರೆ ಅವರನ್ನೇ ಕೇಳಿ.

ಜಿಮೇಲ್‌ಗೆ ಹೋಗುವುದು ಮಾತ್ರ ಆಗಾಗ ತಿರುಗಿ ಬರುತ್ತಿದ್ದು, ಬೌನ್ಸ್‌ನಲ್ಲಿ ಐಪಿವಿ6 ವಿಳಾಸ ಕಂಡರೆ ಕಾರಣ ಹತ್ತಿರದಲ್ಲೇ ಇದೆ. ಸರ್ವರ್ ಐಪಿವಿ6 ಮೂಲಕವೂ ಕಳಿಸುತ್ತಿದೆ, ಅದಕ್ಕೆ ಪಿಟಿಆರ್ ಇಲ್ಲ. ಅದಕ್ಕೂ ಪಿಟಿಆರ್ ಹಾಕಿಸಿ, ಆಗದಿದ್ದರೆ ಮೇಲ್ ಸರ್ವರ್ ಐಪಿವಿ4ನಲ್ಲೇ ಕಳಿಸುವಂತೆ ಹೊಂದಿಸಿ.

ಲಕ್ಷಣ: ನಮ್ಮ ಸರ್ವರ್ ಎಲ್ಲರ ಮೇಲ್‌ಗಳನ್ನೂ ಸ್ಪ್ಯಾಮ್ ಎಂದು ತಿರಸ್ಕರಿಸುತ್ತಿದೆ

ಇದು ಅಪರೂಪ, ಆದರೆ ಆದಾಗ ಕಂಗೆಡಿಸುತ್ತದೆ. ಸ್ವಂತ ಮೇಲ್ ಸರ್ವರ್ ಸ್ಪ್ಯಾಮ್ ಕಳಿಸುವವರನ್ನು ಗುರುತಿಸುವ ಸ್ಪ್ಯಾಮ್‌ಹೌಸ್ ಪಟ್ಟಿ ಬಳಸುತ್ತಿದ್ದು, ಡಿಎನ್‌ಎಸ್‌ಗೆ 8.8.8.8 ನಂಥ ಸಾರ್ವಜನಿಕ ರಿಸಾಲ್ವರ್ ಇಟ್ಟುಕೊಂಡಿದ್ದರೆ, ಅಲ್ಲಿಂದ ಬರುವ 127.255.255.254 ಎಂಬ ಉತ್ತರದ ಅರ್ಥ 'ಈ ದಾರಿಯಿಂದ ಕೇಳಬೇಡಿ' ಎಂದು. ಯಾವ ಉತ್ತರ ಬಂದರೂ ಸ್ಪ್ಯಾಮ್ ಎಂದೇ ಓದುವಂತೆ ಹೊಂದಿಸಿದ ಸರ್ವರ್ ಆಗ ಎಲ್ಲರನ್ನೂ ತಳ್ಳಿಹಾಕುತ್ತದೆ. ಸದ್ಯಕ್ಕೆ ಆ ಪಟ್ಟಿಯ ಪರೀಕ್ಷೆ ನಿಲ್ಲಿಸಿ, ಸರ್ವರ್‌ನಲ್ಲೇ ಸ್ವಂತ ರಿಸಾಲ್ವರ್ ನಡೆಸಿದ ಮೇಲೆ ಮತ್ತೆ ಹಾಕಿ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ರಿಜಿಸ್ಟ್ರಾರ್ ಖಾತೆಯ ಲಾಗಿನ್ ಸಿಗದಿದ್ದರೆ, ನೀವು ಬದಲಿಸದ ರೆಕಾರ್ಡ್ ಬದಲಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡನೆಯದು ಖಾತೆಗೆ ಬೇರೆಯವರು ನುಗ್ಗಿದ ಗುರುತಾಗಿರಬಹುದು. ಎಂಎಕ್ಸ್ ತಿರುಗಿಸಿದವರು ಆ ಡೊಮೇನಿಗೆ ಬರುವ ಪಾಸ್‌ವರ್ಡ್ ಬದಲಾವಣೆಯ ಮೇಲ್‌ಗಳನ್ನೂ ಓದಬಲ್ಲರು. ಕೂಡಲೇ ರಿಜಿಸ್ಟ್ರಾರ್‌ಗೆ ತಿಳಿಸಿ, ಬೇರೆ ಡೊಮೇನಿನ ವಿಳಾಸದಿಂದ ಖಾತೆಯ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ. ಡಿಎನ್‌ಎಸ್‌ಸೆಕ್ ಕೀ ಬದಲಾವಣೆ ಅರ್ಧದಲ್ಲಿ ನಿಂತಿದ್ದರೂ ಊಹೆಯ ಮೇಲೆ ಮುಂದುವರಿಯಬೇಡಿ, ಡಿಎನ್‌ಎಸ್ ಸೇವಾದಾರರನ್ನು ಕೇಳಿ.

ಕೇಳುವಾಗ ಬೌನ್ಸ್ ಸಂದೇಶ ಪೂರ್ತಿ, ಮೇಲ್‌ನ ಹೆಡರ್, ಪ್ರತಿ ನೇಮ್‌ಸರ್ವರ್ ಕೊಟ್ಟ ಡಿಗ್ ಉತ್ತರ, ಬದಲಿಸಿದ ದಿನ ಮತ್ತು ಹೊತ್ತು ಕೊಡಿ. ಪಾಸ್‌ವರ್ಡ್ ಯಾರಿಗೂ ಬೇಕಿಲ್ಲ.

ಸರಿಪಡಿಸಿದ ಮೇಲೆ ಟಿಟಿಎಲ್ ಮುಗಿಯಲು ಬಿಟ್ಟು ಎರಡೂ ದಿಕ್ಕಿನಲ್ಲಿ ಮತ್ತೆ ಮೇಲ್ ಕಳಿಸಿ ನೋಡಿ. 4ರ ಕೋಡ್‌ನಲ್ಲಿ ಸಾಲಿನಲ್ಲಿ ಕಾಯುತ್ತಿದ್ದ ಮೇಲ್‌ಗಳು ತಾವಾಗಿ ಬರುತ್ತವೆ, ಕೆಲವು ಗಂಟೆಗಳ ಅಂತರದಲ್ಲಿ. 5ರ ಕೋಡ್‌ನಲ್ಲಿ ತಿರುಗಿ ಹೋದವು ಬರುವುದಿಲ್ಲ. ಆ ಅವಧಿಯಲ್ಲಿ ಬರೆದಿರಬಹುದಾದವರಿಗೆ ಫೋನ್ ಮಾಡಿ, ಇನ್ನೊಮ್ಮೆ ಕಳಿಸಲು ಹೇಳಿ.